ಮಿಸ್ಟರ್ ಬೀನ್‌ಗೆ ಮತ್ತೆ ಹೂವಿನ ಹಾರ ಹಾಕಿದ್ದಾರೆ

ಅಮಾನಿಕೆರೆ ಅಪ್ಪ:

ಇವತ್ತು ಬೆಳಗ್ಗೆ ಆರಕ್ಕೇ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ಫೋಟೋ ಹಾಕಿದರು. ಮಿಸ್ಟರ್ ಬೀನ್ ಮುಖ, ಅದಕ್ಕೊಂದು ಹೂವಿನ ಹಾರ, ಕೆಳಗೆ ‘ಓಂ ಶಾಂತಿ’. ನಾನು ಅಮಾನಿಕೆರೆಗೆ ಒಂದು ಸುತ್ತು ಹಾಕಿ ಮನೆಗೆ ಬರುವಷ್ಟರಲ್ಲಿ ಹದಿನೇಳು ಜನ ಕೈ ಮುಗಿದಿದ್ದರು. ನಮ್ಮ ಸೋದರತ್ತೆಯಂತೂ ‘ಪಾಪ, ಯಾರಿಗೂ ಒಂದು ಮಾತು ಅಂದವರಲ್ಲ’ ಅಂತ ಬರೆದಿದ್ದರು.

ಸುಳ್ಳು ಸುದ್ದಿ. ಈ ಮನುಷ್ಯನನ್ನು ಮೊಬೈಲಿನಲ್ಲಿ ಸಾಯಿಸುವುದು ಇದೇ ಮೊದಲಲ್ಲ. ಹೋಗಲಿ ಅನ್ನಬಹುದಿತ್ತು. ಆದರೆ ನಾಲ್ಕನೇ ಕ್ಲಾಸಿನ ನನ್ನ ಮಗ ಆ ಫೋಟೋ ನೋಡಿ ತಿಂಡಿ ತಟ್ಟೆ ದೂಡಿ ಕೂತುಬಿಟ್ಟ. ಬೀನ್ ಜೊತೆ ಇರುವ ಟೆಡ್ಡಿ ಬೊಂಬೆಯಿಂದಾಗಿ ಅವನ ಪಾಲಿಗೆ ಅವರು ‘ಟೆಡ್ಡಿ ಮಾಮ’. ಬದುಕಿದ್ದಾರೆ ಕಣೋ ಅಂತ ನಂಬಿಸುವಷ್ಟರಲ್ಲಿ ಸ್ಕೂಲ್ ಬಸ್ ಹೋಯಿತು.

ಟಿವಿಯಲ್ಲಿ ಬೀನ್ ಆಗಿ ನಗಿಸುವ ನಟನ ಹೆಸರು ರೋವನ್ ಅಟ್ಕಿನ್ಸನ್, ಇಂಗ್ಲೆಂಡಿನವರು, 1955ರ ಜನವರಿ 6ರಂದು ಹುಟ್ಟಿದ್ದು. ನನಗೆ ಗೊತ್ತಿರುವುದು ಇಷ್ಟೇ. ಸಂಜೆ ಮಗನಿಗೆ ಹೇಳಲು ಇನ್ನೂ ಏನಾದರೂ ಬೇಕು. ಗೊತ್ತಿದ್ದವರು ಬರೆಯಿರಿ.

ಗುಬ್ಬಿ ಗೇಟ್:

ಅಣ್ಣ, ನಮ್ಮ ಕಾಲೇಜು ದಿನಗಳಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಿಡಿ ಅಂಗಡಿ ಇತ್ತು. ಬೀನ್ ಸಿಡಿಗಳನ್ನು ಬಾಡಿಗೆಗೆ ತಂದು ಪಿಜಿಯಲ್ಲಿ ಎಂಟು ಜನ ಒಂದೇ ಟಿವಿ ಮುಂದೆ ಬಿದ್ದಿರುತ್ತಿದ್ದೆವು. ಆಮೇಲೆ ಪೋಗೋದಲ್ಲಿ ಬರೋಕೆ ಶುರುವಾಯ್ತು. ಎಷ್ಟು ವರ್ಷ ನೋಡಿದೀವಿ ಅಂದ್ರೆ, ಕಮ್ಮಿ ಅಂದ್ರೂ ಇನ್ನೂರು ಕಂತು ಇರಬೇಕು ಅಂದುಕೊಂಡಿದ್ದೆ.

ಎಷ್ಟಿದೆ ಹೇಳಿ ನೋಡೋಣ? ಹದಿನೈದು. ಬರೀ ಹದಿನೈದು!

ಶಿರಾ ಲಾರಿ:

ಹದಿನಾಲ್ಕು ಗುರು.

ಗುಬ್ಬಿ ಗೇಟ್:

ಹದಿನೈದು. ಬೆಟ್ ಕಟ್ತೀಯಾ?

ಮಧುಗಿರಿ ಮೇಷ್ಟ್ರು:

ಇಬ್ಬರೂ ಸರಿ, ಜಗಳ ಬೇಡ. ಮೊದಲ ಕಂತು ಬಂದಿದ್ದು 1990ರ ಜನವರಿ 1ರಂದು, ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ. 1995ರವರೆಗೆ ಅಲ್ಲಿ ಪ್ರಸಾರವಾಗಿದ್ದು ಹದಿನಾಲ್ಕು. ಹದಿನೈದನೆಯದನ್ನು ಆಗ ವೀಡಿಯೋ ಕ್ಯಾಸೆಟ್ಟಿನಲ್ಲಿ ಮಾತ್ರ ಬಿಟ್ಟರು. ಈಗ ಮಕ್ಕಳು ನೋಡುವ ಕಾರ್ಟೂನ್ ಬೇರೆ, ಅದು ಶುರುವಾಗಿದ್ದು 2002ರಲ್ಲಿ. ಅದರಲ್ಲಿ ಗೊಣಗುವ ದನಿಯೂ ಅಟ್ಕಿನ್ಸನ್ ಅವರದೇ.

ಆರು ವರ್ಷಕ್ಕೆ ಹದಿನಾಲ್ಕು ಕಂತು. ನಮ್ಮ ಧಾರಾವಾಹಿಗಳಲ್ಲಿ ಅಷ್ಟರೊಳಗೆ ಅತ್ತೆ ಒಂದು ಲೋಟ ಹಾಲು ಕೊಟ್ಟು ಮುಗಿಸಿರುವುದಿಲ್ಲ.

ಉಳಿದ ವಿಷಯ ಊಟ ಆದ ಮೇಲೆ ಬರೆಯುತ್ತೇನೆ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನು, ಶುರು ಮಾಡಿದರೆ ಬೇಗ ನಿಲ್ಲಿಸಲ್ಲ.

ಕೊಬ್ಬರಿ ಮಂಡಿ ತಿಪಟೂರು:

ಬೆಳಗ್ಗೆ ಬೆಳಗ್ಗೆ ಇಂಗ್ಲೆಂಡಿನವರ ಭಜನೆ. ನಮ್ಮ ತಿಪಟೂರಿನಲ್ಲಿ ಹುಟ್ಟಿದ ಒಬ್ಬರಿದ್ದರಲ್ಲ, ಹಾಸ್ಯ ಚಕ್ರವರ್ತಿ ನರಸಿಂಹರಾಜು? ನಡೆದುಕೊಂಡು ಬಂದರೆ ಸಾಕು, ಟೆಂಟಿನಲ್ಲಿ ಜನ ನಗುತ್ತಿದ್ದರು. ಅವರ ಬಗ್ಗೆ ಒಬ್ಬರೂ ಬರೆಯಲ್ಲ.

ಮಧುಗಿರಿ ಮೇಷ್ಟ್ರು:

ಮಂಡಿಯವರೇ, ಅವರ ವಿಷಯಕ್ಕೂ ಬರುತ್ತೇನೆ, ಸ್ವಲ್ಪ ತಾಳಿ.

ಅಟ್ಕಿನ್ಸನ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರಕ್ಕೆ, ಡರ್ಹಮ್ ಸೀಮೆಯ ಕಾನ್ಸೆಟ್‌ನಲ್ಲಿ. ರೈತರ ಮನೆ. ಅಣ್ಣತಮ್ಮಂದಿರಲ್ಲಿ ಕೊನೆಯವರು. ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ, ಹೆಚ್ಚಿನ ಓದಿಗೆ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜು ಸೇರಿದರು. ಅಲ್ಲಿ ಸಿಕ್ಕವರು ರಿಚರ್ಡ್ ಕರ್ಟಿಸ್ ಅನ್ನುವ ಬರಹಗಾರ, ಹೊವಾರ್ಡ್ ಗುಡಾಲ್ ಅನ್ನುವ ಸಂಗೀತಗಾರ. ಮೂವರೂ ಸೇರಿ ನಾಟಕ, ಹಾಸ್ಯ ಅಂತ ಓಡಾಡತೊಡಗಿದರು. ಬೀನ್‌ನ ಬೇರು ಇರುವುದು ಆ ಕಾಲೇಜು ದಿನಗಳಲ್ಲೇ. ಮುಂದೆ ಬೀನ್ ಬರೆದವರಲ್ಲಿ ಕರ್ಟಿಸ್ ಒಬ್ಬರು, ಅದರ ಸಂಗೀತ ಗುಡಾಲ್ ಅವರದು. ಶುರುವಿನಲ್ಲಿ ಇಗರ್ಜಿಯ ಹಾಡಿನ ಥರ ಒಂದು ಲ್ಯಾಟಿನ್ ಸಾಲು ಕೇಳುತ್ತದಲ್ಲ, ಅದರ ಅರ್ಥ ‘ಇಗೋ ನೋಡಿ, ಹುರುಳಿಕಾಯಿಯಾದ ಮನುಷ್ಯ’.

1979ರಲ್ಲಿ ಬಿಬಿಸಿಯ ಒಂದು ಅಣಕು ಸುದ್ದಿ ಕಾರ್ಯಕ್ರಮದಿಂದ ಹೆಸರು ಬಂತು. 1983ರಿಂದ 89ರವರೆಗೆ ‘ಬ್ಲ್ಯಾಕ್‌ಆ್ಯಡರ್’ ಅನ್ನುವ ಹಾಸ್ಯ ಧಾರಾವಾಹಿ. ಬೀನ್ ಒಂದನ್ನೇ ನೋಡಿದವರು ಇದನ್ನು ನೋಡಿದರೆ ಅದೇ ಮನುಷ್ಯ ಅಂತ ನಂಬುವುದಿಲ್ಲ. ಬರೀ ಮಾತು. ಚಾಕುವಿನಂಥ ಮಾತು. ನಾಲ್ಕು ಭಾಗ, ಒಂದೊಂದೂ ಒಂದೊಂದು ಕಾಲದ್ದು. ಕೊನೆಯದು ಮೊದಲ ಮಹಾಯುದ್ಧ. ನಗಿಸಿ ನಗಿಸಿ, ಕಡೇ ಕಂತಿನ ಕಡೇ ನಿಮಿಷದಲ್ಲಿ ಎಲ್ಲರೂ ಕಂದಕದಿಂದ ಮೇಲೆದ್ದು ಗುಂಡಿನ ಕಡೆಗೆ ಓಡುತ್ತಾರೆ. ನಾನು ಅದನ್ನು ನೋಡಿ ಟಿವಿ ಆರಿಸಿ ಜಗಲಿ ಮೇಲೆ ಹೋಗಿ ಕೂತಿದ್ದೆ.

ಶಿರಾ ಲಾರಿ:

ಮೇಷ್ಟ್ರೇ, ಮುಖ್ಯವಾದದ್ದೇ ಬಿಟ್ಟಿರಿ. ಅವರ ಹತ್ತಿರ ಲಾರಿ ಲೈಸೆನ್ಸ್ ಇದೆ! 1981ರಲ್ಲಿ ಟೆಸ್ಟ್ ಪಾಸ್ ಮಾಡಿದ್ದು. ಟ್ರೇಲರ್ ಹಾಕಿರೋ ದೊಡ್ಡ ಗಾಡಿಯನ್ನೂ ಓಡಿಸಬಹುದು. ನಮ್ಮ ಕಡೆ ಯಾವ ಹೀರೋ ಹತ್ತಿರ ಇದೆ ಹೇಳಿ.

ಕಾರು ಅಂದ್ರೆ ಪ್ರಾಣ. ಮೆಕ್ಲಾರೆನ್ ಎಫ್ 1 ಅಂತ ಕಾರು, ತುಂಬಾ ಕಮ್ಮಿ ಜನರ ಹತ್ತಿರ ಇರೋದು. ಅದನ್ನ ಬೀರುವಿನಲ್ಲಿ ಇಡೋ ಒಡವೆ ಥರ ಇಡಲಿಲ್ಲ, ರೋಡಲ್ಲಿ ಓಡಿಸಿದರು. ಎರಡು ಸಲ ಗುದ್ದಿದರು. 2011ರಲ್ಲಿ ಮರಕ್ಕೆ ಹೊಡೆದಾಗ ಇನ್ಶೂರೆನ್ಸ್ ಕಂಪನಿ ರಿಪೇರಿಗೆ ಕೊಟ್ಟಿದ್ದು ಸುಮಾರು 9 ಲಕ್ಷ ಪೌಂಡು. ಆಮೇಲೂ ಓಡಿಸಿ, 2015ರಲ್ಲಿ 80 ಲಕ್ಷ ಪೌಂಡಿಗೆ ಮಾರಿದರು. ಗುದ್ದಿದ ಗಾಡಿಗೆ ರೇಟ್ ಜಾಸ್ತಿ ಆಗಿದ್ದು ನಾನು ಕೇಳಿದ್ದು ಇದೊಂದೇ. ನಮ್ಮ 407 ಬಂಪರ್ ಸ್ವಲ್ಪ ಸೊಟ್ಟಗಿದ್ರೆ ಐವತ್ತು ಸಾವಿರ ಕಮ್ಮಿ ಕೇಳ್ತಾರೆ.

ಇನ್ನೊಂದು. 2001ರಲ್ಲಿ ಹೆಂಡತಿ ಮಕ್ಕಳ ಜೊತೆ ಕೀನ್ಯಾದಲ್ಲಿ ಚಿಕ್ಕ ವಿಮಾನದಲ್ಲಿ ಹೋಗ್ತಾ ಇದ್ದಾಗ ಪೈಲಟ್ ಎಚ್ಚರ ತಪ್ಪಿಬಿಟ್ಟ. ಪೈಲಟ್‌ಗೆ ಎಚ್ಚರ ಆಗೋ ತನಕ ವಿಮಾನ ಕೆಳಗೆ ಬೀಳದ ಹಾಗೆ ಹಿಡಿದುಕೊಂಡಿದ್ದು ಇವರೇ. ಬೀನ್ ಕೈಯಲ್ಲಿ ವಿಮಾನ! ನಾನು ಹಿಂದೆ ಕೂತಿದ್ರೆ ಹಾರ್ಟ್ ನಿಂತೇ ಹೋಗ್ತಿತ್ತು.

ಬಟವಾಡಿ ಅಕ್ಕ:

ನನಗೆ ಬೀನ್ ಇಷ್ಟ ಇಲ್ಲ. ಎಲ್ಲರೂ ಹೊಗಳುತ್ತಿದ್ದೀರಿ, ಒಬ್ಬರಾದರೂ ಈ ಮಾತು ಹೇಳಬೇಕಲ್ಲ.

ಸ್ವಾರ್ಥಿ. ಮೂರು ಚಕ್ರದ ನೀಲಿ ಕಾರು ಕಂಡರೆ ಸುಮ್ನೆ ಬೀಳಿಸುತ್ತಾನೆ. ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ನೋಡಿ ಬರೆಯುತ್ತಾನೆ. ಕ್ಯೂ ಮುರಿಯುತ್ತಾನೆ. ಇವನನ್ನು ನೋಡಿ ನಮ್ಮ ಮನೆಯ ಎರಡೂ ಮಕ್ಕಳು ಒಂದು ವಾರ ಮಾತಾಡದೆ ‘ಹ್ಞೂಂ ಹ್ಞೂಂ’ ಅಂತ ಗೊಣಗುತ್ತಿದ್ದವು. ಅಂಥ ಮಗು ಇದ್ದರೆ ನಾನು ಎರಡು ಬಾರಿಸುತ್ತೇನೆ.

ಮಧುಗಿರಿ ಮೇಷ್ಟ್ರು:

ಅಕ್ಕ, ‘ಮಗು’ ಅಂದಿರಲ್ಲ, ಅಲ್ಲಿಗೆ ನೀವೇ ಉತ್ತರ ಕೊಟ್ಟಂತಾಯಿತು. ದೊಡ್ಡವನ ಮೈಯೊಳಗೆ ಕೂತಿರುವ ಮಗು ಅಂತಲೇ ಅಟ್ಕಿನ್ಸನ್ ಅವನನ್ನು ವಿವರಿಸುತ್ತಾರೆ.

ಮೊದಲ ಕಂತಿನ ಪರೀಕ್ಷೆಯನ್ನು ನೆನಪಿಸಿಕೊಳ್ಳಿ. ನಾನು ಎಷ್ಟೋ ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದವನು, ಆ ದೃಶ್ಯದಲ್ಲಿ ಒಂದು ಸುಳ್ಳೂ ಇಲ್ಲ. ಬಂದು ಕೂರುತ್ತಾನೆ. ಪೆನ್ನುಗಳನ್ನು ಒಂದೊಂದಾಗಿ ಜೋಡಿಸುತ್ತಾನೆ. ಮೇಜಿನ ಮೇಲೆ ಆಟದ ಬೊಂಬೆ ಇಡುತ್ತಾನೆ. ಪಕ್ಕದವನು ಏನು ಓದಿಕೊಂಡು ಬಂದಿದ್ದಾನೆ ಅಂತ ಕೇಳುತ್ತಾನೆ, ತಾನು ಓದಿದ್ದು ಬೇರೆ ಅಂತ ಗೊತ್ತಾಗುತ್ತದೆ. ಪ್ರಶ್ನೆಪತ್ರಿಕೆ ತೆಗೆದರೆ ಒಂದೂ ಬರುವುದಿಲ್ಲ. ಕುತ್ತಿಗೆ ಉದ್ದ ಮಾಡಿ ಪಕ್ಕದವನದನ್ನು ನೋಡುತ್ತಾನೆ, ಊದುತ್ತಾನೆ, ಅಳುತ್ತಾನೆ. ಎಲ್ಲ ಮುಗಿದ ಮೇಲೆ ನೋಡಿದರೆ ಅದೇ ಲಕೋಟೆಯೊಳಗೆ ಅವನು ಓದಿಕೊಂಡು ಬಂದಿದ್ದ ಪತ್ರಿಕೆಯೂ ಇತ್ತು. ಅವನು ತೆಗೆದೇ ನೋಡಿರಲಿಲ್ಲ.

ಬ್ರಿಟನ್ನೇ ಬೇಕಾಗಿಲ್ಲ, ಮಧುಗಿರಿಯ ಎಸ್ಸೆಸ್ಸೆಲ್ಸಿ ಕೊಠಡಿಯಲ್ಲಿ ನಾನೇ ಕಂಡಿದ್ದೇನೆ. ಹುಡುಗ ಮುಖ್ಯ ಪತ್ರಿಕೆಯ ಹಿಂದಿನ ಪುಟ ತಿರುಗಿಸಿಯೇ ಇರಲಿಲ್ಲ.

ಭಾಷೆ ಬೇಕಿಲ್ಲದ ಹಾಸ್ಯ ಇದು. ಅದನ್ನು ಅವರು ಹೇಗೆ ಪರೀಕ್ಷೆ ಮಾಡಿಕೊಂಡರು ಗೊತ್ತಾ? 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾಸ್ಯೋತ್ಸವ. ಅಲ್ಲಿ ಇಂಗ್ಲಿಷಿನವರ ಸರದಿಯೂ ಇತ್ತು, ಫ್ರೆಂಚಿನವರ ಸರದಿಯೂ ಇತ್ತು. ಇವರು ಹಟ ಹಿಡಿದು ಫ್ರೆಂಚಿನವರ ಸರದಿಯಲ್ಲಿ ಆಡಿದರು. ತಮ್ಮ ಮಾತು ಅರ್ಥವಾಗದ ಜನ ನಕ್ಕರೆ ಮಾತ್ರ ಗೆದ್ದ ಹಾಗೆ ಅನ್ನುವ ಲೆಕ್ಕ. ಮೂರು ವರ್ಷದ ನಂತರ ಟಿವಿಗೆ ಬಂತು. ಮೊದಲ ಕಂತು ತಯಾರಾಗುವ ತನಕ ಅವನಿಗೆ ಬೀನ್ ಅಂತ ಹೆಸರು ಗಟ್ಟಿಯಾಗಿರಲೂ ಇಲ್ಲ, ಹೂಕೋಸಿನ ಹೆಸರೂ ಪಟ್ಟಿಯಲ್ಲಿತ್ತಂತೆ!

ಗುಬ್ಬಿ ಗೇಟ್:

ಮಿಸ್ಟರ್ ಕಾಲಿಫ್ಲವರ್ 😂 ಗೋಬಿ ಮಂಚೂರಿ ಗಾಡಿಗೆ ಹೇಳಿ ಮಾಡಿಸಿದ ಹೆಸರು.

ಕೊಬ್ಬರಿ ಮಂಡಿ ತಿಪಟೂರು:

ಮೇಷ್ಟ್ರೇ, ನಮ್ಮವರ ಸರದಿ ಯಾವಾಗ?

ಮಧುಗಿರಿ ಮೇಷ್ಟ್ರು:

ಬಂತು. ನರಸಿಂಹರಾಜು ಹುಟ್ಟಿದ್ದು 1923ರಲ್ಲಿ, ತೀರಿಕೊಂಡಿದ್ದು 1979ರಲ್ಲಿ. ಬೆಳೆದಿದ್ದು ನಾಟಕ ಕಂಪನಿಗಳಲ್ಲಿ. 1954ರ ‘ಬೇಡರ ಕಣ್ಣಪ್ಪ’ ಅವರಿಗೂ ಮೊದಲ ದೊಡ್ಡ ಸಿನಿಮಾ, ರಾಜ್‌ಕುಮಾರ್ ಅವರಿಗೂ. ಅವರಿಗಿಂತ ಹಿಂದೆ ಗುಬ್ಬಿ ವೀರಣ್ಣನವರು. ಮೈಸೂರು ಮಹಾರಾಜರಿಂದ ‘ವರ್ಸಟೈಲ್ ಕಮೀಡಿಯನ್’ ಬಿರುದು ಪಡೆದವರು. ‘ಸದಾರಮೆ’ ನಾಟಕದ ಕಳ್ಳನಾಗಿ ಅವರು ರಂಗಕ್ಕೆ ಬಂದರೆ ಸಾಕಿತ್ತು ಅಂತ ನಮ್ಮ ತಾತ ಹೇಳುತ್ತಿದ್ದರು. ತಾತ ಗಾಡಿ ಕಟ್ಟಿಕೊಂಡು ಹೋಗಿ ರಾತ್ರಿಯಿಡೀ ನಾಟಕ ನೋಡಿ, ಬೆಳಗ್ಗೆ ಬಂದು ಅದೇ ಕಳ್ಳನ ನಡಿಗೆಯಲ್ಲಿ ಹಟ್ಟಿಯಲ್ಲಿ ಓಡಾಡಿ ಅಜ್ಜಿಯನ್ನು ನಗಿಸುತ್ತಿದ್ದರಂತೆ.

ಒಂದು ವ್ಯತ್ಯಾಸ ಇದೆ. ನಮ್ಮವರಿಗೆ ಮುಂದೆ ಕೂತ ಜನರೇ ಗುರುಗಳು. ನಕ್ಕರೆ ಎಳೆಯುತ್ತಿದ್ದರು, ನಗದಿದ್ದರೆ ಬಿಡುತ್ತಿದ್ದರು. ಅಟ್ಕಿನ್ಸನ್ ಮೊದಲೇ ಎಲ್ಲ ಅಳತೆ ಮಾಡಿಟ್ಟುಕೊಳ್ಳುವ ಜಾತಿ. ಇಂಜಿನಿಯರ್ ಅಲ್ವಾ. ಆಕ್ಸ್‌ಫರ್ಡಿನಲ್ಲಿ ಅವರು ಓದಿದ ವಿಷಯವೂ ಅಂಥದ್ದೇ: ತನ್ನನ್ನು ತಾನೇ ಸರಿಮಾಡಿಕೊಳ್ಳುವ ನಿಯಂತ್ರಣ ಯಂತ್ರಗಳು.

ಇದನ್ನೂ ಹೇಳಬೇಕು. ಅಟ್ಕಿನ್ಸನ್ ಅವರಿಗೆ ಉಗ್ಗು ಇದೆ. ಚಿಕ್ಕಂದಿನಿಂದಲೂ. ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ‘ಬ’ ಅಕ್ಷರ ಬಂದರೆ ಕಷ್ಟ. ಬ್ಲ್ಯಾಕ್‌ಆ್ಯಡರ್‌ನಲ್ಲಿ ‘ಬಾಬ್’ ಅನ್ನುವ ಹೆಸರನ್ನು ತುಟಿ ಒತ್ತಿ, ಸಿಡಿಸಿ ಹೇಳುತ್ತಾರಲ್ಲ, ಜನ ಬಿದ್ದು ಬಿದ್ದು ನಗುತ್ತಾರಲ್ಲ, ಅದು ಆ ಅಕ್ಷರವನ್ನು ದಾಟಲು ಅವರು ಕಂಡುಕೊಂಡ ದಾರಿ. ಇನ್ನೊಬ್ಬರ ಪಾತ್ರದೊಳಗೆ ಹೊಕ್ಕರೆ ಉಗ್ಗು ಮಾಯವಾಗುತ್ತದೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಗುಬ್ಬಿ ಗೇಟ್:

ಅರೆ, ಬ್ಲ್ಯಾಕ್‌ಆ್ಯಡರ್, ಬೀನ್. ಎರಡೂ ಬ!

ಕೊಬ್ಬರಿ ಮಂಡಿ ತಿಪಟೂರು:

ಬೇಡರ ಕಣ್ಣಪ್ಪನೂ ಬ. ಸುಮ್ನೆ ಹೇಳಿದೆ.

ಅಮಾನಿಕೆರೆ ಅಪ್ಪ:

ಮೇಷ್ಟ್ರೇ, ನಿಮ್ಮ ಆ ಸಾಲನ್ನು ಓದಿ ಅಂಗಡಿಯ ಷಟರ್ ಅರ್ಧ ಎಳೆದು ಕೂತಿದ್ದೇನೆ.

ನನ್ನ ಮಗ ಅವರನ್ನು ‘ಟೆಡ್ಡಿ ಮಾಮ’ ಅನ್ನುವುದು ಮುದ್ದಿಗಲ್ಲ. ಅವನಿಗೆ ‘ಬೀನ್’ ಅನ್ನಲು ಆಗಲ್ಲ. ಬ ಅಂದರೆ ತುಟಿ ಅಂಟಿಕೊಂಡುಬಿಡುತ್ತದೆ, ಕಣ್ಣು ಮುಚ್ಚುತ್ತಾನೆ, ಗಲ್ಲ ನಡುಗುತ್ತದೆ. ಕಷ್ಟದ ಮಾತು ಬಂದರೆ ಪಕ್ಕದ ಮಾತು ಹಿಡಿಯುತ್ತಾನೆ. ಬಸ್ ಅಲ್ಲ, ‘ಗಾಡಿ’. ಬಾಳೆಹಣ್ಣು ಅಲ್ಲ, ‘ಆ ಹಣ್ಣು’. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಹೋದರೆ ತಾನೇ ಹೇಳಬೇಕು ಅಂತ ಆಸೆ, ಆದರೆ ‘ಎರಡು ಇಡ್ಲಿ’ ಅಷ್ಟೇ ಹೇಳುತ್ತಾನೆ. ಬೆಣ್ಣೆ ಅಂದರೆ ಪ್ರಾಣ. ಆ ಮಾತು ಬರಲ್ಲ ಅಂತ ಬರೀ ಇಡ್ಲಿ ತಿಂದು ಬರುತ್ತಾನೆ. ನನಗೆ ಇದು ಗೊತ್ತಾಗಲು ಆರು ತಿಂಗಳು ಬೇಕಾಯಿತು. ‘ಬೆಣ್ಣೆ ಬೇಡ್ವೇನೋ’ ಅಂದರೆ ತಲೆ ಆಡಿಸುತ್ತಿದ್ದ. ಬೇಡವೇನೋ ಅಂದುಕೊಂಡಿದ್ದೆ.

ನಮ್ಮಮ್ಮ ಬಜೆ ತೇದು ನಾಲಿಗೆಗೆ ಹಚ್ಚಿದ್ದಾಯಿತು, ಒಂದೆಲಗದ ಸೊಪ್ಪು ತಿನ್ನಿಸಿದ್ದಾಯಿತು. ಅವನ ಹಿಂದಿನ ಸ್ಕೂಲಿನಲ್ಲಿ ಒಬ್ಬರು ಟೀಚರ್ ‘ನಿಧಾನಕ್ಕೆ ಹೇಳು, ಎಲ್ಲರೂ ಕಾಯ್ತೀವಿ’ ಅಂತ ನಿಲ್ಲಿಸಿ, ಕ್ಲಾಸಿಡೀ ನಗುವ ತನಕ ಕಾದರು. ಆ ಸ್ಕೂಲ್ ಬಿಡಿಸಿದೆ.

ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ತನ್ನನ್ನು ತಾನೇ ಸರಿಮಾಡಿಕೊಳ್ಳುವ ಯಂತ್ರ ಅಂದಿರಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಹಳೇ ಸ್ಟೆಬಿಲೈಜರ್ ನೋಡಿದ್ದೀರಾ? ಲೈನಿನಲ್ಲಿ ವೋಲ್ಟೇಜ್ ಕಮ್ಮಿ ಬಂದರೆ ಏರಿಸಲು ಹೋಗುತ್ತದೆ. ಜಾಸ್ತಿ ಆಯಿತು ಅಂತ ಇಳಿಸುತ್ತದೆ. ಮತ್ತೆ ಕಮ್ಮಿ ಆಯಿತು. ಒಳಗೆ ರಿಲೇ ಟಕ್ ಟಕ್ ಟಕ್ ಅಂತ ಒದ್ದಾಡುತ್ತದೆ, ಫ್ರಿಜ್ ಮಾತ್ರ ಆನ್ ಆಗಲ್ಲ. ರಿಲೇ ಕೆಟ್ಟಿರಲ್ಲ. ಸರಿ ಮಾಡಬೇಕು ಅನ್ನುವ ಆತುರ ಜಾಸ್ತಿ, ಅಷ್ಟೇ. ನನ್ನ ಮಗ ‘ಬ’ ಮುಂದೆ ನಿಂತಾಗ ನನಗೆ ಕೇಳಿಸುವುದು ಅದೇ ಟಕ್ ಟಕ್. ಆ ಮನುಷ್ಯ ಇದನ್ನೇ ಓದಿದ್ದರು ಅಂದಮೇಲೆ ಏನೋ ಒಂಥರಾ ಆಯಿತು.

ಬಟವಾಡಿ ಅಕ್ಕ:

ಅಣ್ಣ, ಮೇಲೆ ನಾನು ‘ಎರಡು ಬಾರಿಸುತ್ತೇನೆ’ ಅಂದಿದ್ದೆ. ಆ ಮಾತು ವಾಪಸ್.

ನನ್ನ ತಮ್ಮನ ಮಗಳಿಗೂ ಇತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇರುವುದು. ಕೇಂದ್ರ ಸರ್ಕಾರದ್ದು. ಉಗ್ಗು, ಕಿವುಡು ಎಲ್ಲಕ್ಕೂ ಅಲ್ಲಿ ನೋಡುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಅಲ್ಲಿ ಮೊದಲು ಕೂರಿಸಿಕೊಂಡು ಮಾತಾಡಿಸಿದ್ದು ಮಗುವನ್ನಲ್ಲ, ನನ್ನ ತಮ್ಮನನ್ನು. ಮಗು ತಡವರಿಸಿದಾಗ ನೀವು ವಾಕ್ಯ ಪೂರ್ತಿ ಮಾಡಬೇಡಿ, ‘ನಿಧಾನ’ ಅನ್ನಬೇಡಿ, ಮುಖ ನೋಡಿಕೊಂಡು ಕೇಳಿ ಅಂದರು. ನನ್ನ ತಮ್ಮನಿಗೆ ಅದು ಮಗುವಿನ ಪಾಠಕ್ಕಿಂತ ಕಷ್ಟವಾಯಿತು.

ಬಜೆ ಮಾತ್ರ ಬಿಟ್ಟುಬಿಡಿ. ನಾಲಿಗೆ ಉರಿಯುತ್ತೆ, ಪಾಪ.

ಶಿರಾ ಲಾರಿ:

ಅಣ್ಣ, ನಮ್ಮ ಕ್ಲೀನರ್ ಒಬ್ಬ ಇದ್ದ. ಮಾತಾಡಿದ್ರೆ ಉಗ್ಗೋನು, ಹಿಂದೆ ನಿಂತು ‘ಬರ್ಲಿ ಬರ್ಲಿ ಬರ್ಲಿ ರೈಟ್’ ಅಂತ ಕೂಗೋವಾಗ ಒಂದು ಸಲಾನೂ ತಪ್ಪುತ್ತಿರಲಿಲ್ಲ. ಪಾತ್ರದೊಳಗೆ ಹೊಕ್ಕರೆ ಹೋಗುತ್ತೆ ಅಂದ್ರಲ್ಲ ಮೇಷ್ಟ್ರು, ಅದೇ ಇರಬೇಕು. ಈಗ ಅವನೇ ಡ್ರೈವರು, ಹತ್ತು ಚಕ್ರದ್ದು.

ವಾತಾವರಣ ಭಾರ ಆಯ್ತು, ಒಂದು ನಗೋ ವಿಷಯ ಹೇಳ್ತೀನಿ. ಪಾಕಿಸ್ತಾನದ ಒಬ್ಬ ಡೂಪ್ಲಿಕೇಟ್ ಬೀನ್ ಜಿಂಬಾಬ್ವೆಗೆ ಹೋಗಿ ಶೋ ಕೊಟ್ಟು ಬಂದಿದ್ದ. ಅಲ್ಲಿನ ಜನಕ್ಕೆ ಆ ಸಿಟ್ಟು ಇತ್ತು. 2022ರ ಟಿ 20 ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ಪಾಕಿಸ್ತಾನವನ್ನ ಒಂದೇ ರನ್ನಿಂದ ಸೋಲಿಸ್ತು. ಆಮೇಲೆ ಜಿಂಬಾಬ್ವೆ ಅಧ್ಯಕ್ಷರೇ, ಮುಂದಿನ ಸಲ ಅಸಲಿ ಬೀನ್ ಕಳಿಸಿ ಅಂತ ಟ್ವೀಟ್ ಮಾಡಿದರು. ಢಾಬಾದಲ್ಲಿ ಊಟ ಮಾಡ್ತಾ ಅದನ್ನ ಓದಿ ನೆತ್ತಿಗೆ ಹತ್ತಿತ್ತು ನನಗೆ.

ಗುಬ್ಬಿ ಗೇಟ್:

ಅಣ್ಣ, ಮಗನಿಗೆ 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆ ತೋರಿಸಿ. ದೊಡ್ಡ ವಾದ್ಯಗೋಷ್ಠಿ, ಎಲ್ಲರೂ ಕೋಟು ಹಾಕಿ ಗಂಭೀರವಾಗಿ ಬಾರಿಸುತ್ತಾ ಇರುತ್ತಾರೆ. ಬೀನ್‌ಗೆ ಒಂದೇ ಕೆಲಸ. ಒಂದು ಬೆರಳು, ಕೀಬೋರ್ಡಿನ ಒಂದು ಕೀ, ಅದನ್ನೇ ಒತ್ತುತ್ತಾ ಇರಬೇಕು. ಬೇಜಾರಾಗಿ ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆಯುತ್ತಾನೆ. ಸೀನು ಬರುತ್ತೆ, ಕರ್ಚೀಫ್ ಹಿಂದೆ ಬ್ಯಾಗಲ್ಲಿ. ಕೊಡೆ ಹಿಡಿದು ಅದರ ತುದಿಯಲ್ಲಿ ಕೀ ಒತ್ತುತ್ತಾ ಬ್ಯಾಗಿಗೆ ಕೈ ಹಾಕುತ್ತಾನೆ. ತಾಳ ಮಾತ್ರ ತಪ್ಪಲ್ಲ. ಜಗತ್ತೆಲ್ಲ ನೋಡ್ತಾ ಇದೆ, ಬಾಯಲ್ಲಿ ಒಂದು ಮಾತಿಲ್ಲ.

ಲಾರಿಯವರಿಗೂ ಒಂದಿದೆ. 1994ರ ಕಂತಲ್ಲಿ ಕಾರಿನ ತುಂಬ ಸಾಮಾನು ತುಂಬಿ ತನಗೇ ಜಾಗ ಇಲ್ಲ. ಟಾಪ್ ಮೇಲೆ ಸೋಫಾ ಕುರ್ಚಿ ಕಟ್ಟಿ ಅದರಲ್ಲಿ ಕೂತು, ಹಗ್ಗ, ಪೊರಕೆ ಹಿಡಿದು ಕಾರು ಓಡಿಸುತ್ತಾನೆ. ನಮ್ಮ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಬರೋ ಟಾಪ್ ಲೋಡ್ ಗಾಡಿಗಳು ನೋಡಿದಾಗೆಲ್ಲ ಅದೇ ನೆನಪು.

ಅಮಾನಿಕೆರೆ ಅಪ್ಪ:

ರಾತ್ರಿ ಎಲ್ಲ ಓದಿ ಹೇಳಿದೆ. ಲಾರಿ ಲೈಸೆನ್ಸ್, ವಿಮಾನ, ಮರಕ್ಕೆ ಗುದ್ದಿದ್ದು ಎಲ್ಲಕ್ಕೂ ನಕ್ಕ. ‘ಅವರಿಗೂ ನಿನ್ನ ಥರಾನೇ ಮಾತು ನಿಲ್ಲುತ್ತೆ ಕಣೋ’ ಅಂದೆ. ನಗಲಿಲ್ಲ. ‘ಈಗಲೂನಾ?’ ಅಂತ ಕೇಳಿದ. ಈಗಲೂ ಒಂದೊಂದು ಸಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ‘ಸುಳ್ಳು ಹೇಳಬೇಡಪ್ಪ’ ಅಂದು ಮಗ್ಗುಲು ತಿರುಗಿ ಮಲಗಿದ. ಒಲಿಂಪಿಕ್ಸ್ ವೀಡಿಯೋ ನಾಳೆ.

ಅಮಾನಿಕೆರೆ ಅಪ್ಪ:

ಭಾನುವಾರದ ವರದಿ. ಒಲಿಂಪಿಕ್ಸ್ ವೀಡಿಯೋ ಇಲ್ಲಿಯ ತನಕ ಹನ್ನೊಂದು ಸಲ ಆಗಿದೆ. ಮೈಸೂರಿಗೆ ಮುಂದಿನ ತಿಂಗಳು ಹೊರಡುತ್ತೇವೆ, ಅಕ್ಕ.

ಬೆಳಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿದ್ದೆವು. ಕ್ಯೂನಲ್ಲಿ ಅವನೇ ಮುಂದೆ ನಿಂತ. ‘ಎರಡು ಇಡ್ಲಿ’ ಅಂದ. ಆಮೇಲೆ ಹೋಗಲಿಲ್ಲ, ನಿಂತೇ ಇದ್ದ. ‘ಬ’ ಅಂತ ತುಟಿ ಸೇರಿತು. ಅಲ್ಲೇ ನಿಂತಿತು. ಹಿಂದೆ ಏಳೆಂಟು ಜನ. ನನ್ನ ಬಾಯಿಗೆ ಆ ಮಾತು ಬಂದಿತ್ತು, ಅಕ್ಕ ಹೇಳಿದ್ದು ನೆನಪಾಗಿ ನುಂಗಿಕೊಂಡೆ. ಇಡ್ಲಿಯವರು ಇಕ್ಕುಳ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಹುಡುಗ ಹುಬ್ಬು ಮೇಲೇರಿಸಿ, ತುಟಿ ಸೊಟ್ಟ ಮಾಡಿ, ಒಂದೇ ಒಂದು ಬೆರಳು ಎತ್ತಿ, ಗಾಳಿಯಲ್ಲಿ ಒಂದು ದೊಡ್ಡ ಮುದ್ದೆ ತೆಗೆದು ಇಡ್ಲಿ ಮೇಲೆ ಹಾಕಿ, ಸವರಿ, ಬೆರಳು ನೆಕ್ಕಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ನಗು ಬೇರೆ ಥರ ಇತ್ತು. ಇಡ್ಲಿಯವರು ಎರಡು ಸೌಟು ಹಾಕಿದರು.

ತಟ್ಟೆ ಹಿಡಿದು ನನ್ನ ಹತ್ತಿರ ಬಂದು, ಮೆಲ್ಲಗೆ, ‘ಬ್‌ಬ್‌ಬೆಣ್ಣೆ’ ಅಂದ. ತುಟಿ ಒತ್ತಿ, ಸಿಡಿಸಿ.

ಶಿರಾ ಲಾರಿ:

ಎರಡು ಸೌಟಾ? ಯಾವ ಅಂಗಡಿ ಅಣ್ಣ ಅದು? ನಾನು ನಾಳೆ ಆ ಕಡೆ ಲೋಡ್ ಇಳಿಸಬೇಕು.